ಬಸುರಿ ಬಯಸಿದ ಕೊಲೆಗಾರ

ಅಕ್ಕಿಆಲೂರಿನಲ್ಲಿ ಗುದ್ಲೆಪ್ಪನಷ್ಟು ಓದಿಕೊಂಡವನು ಇನ್ನೊಬ್ಬನಿಲ್ಲ. ಹೀಗೆಂದು ಹೇಳುತ್ತಿದ್ದವನು ಗುದ್ಲೆಪ್ಪನೇ. ಬೇರೆಯವರ ಬಾಯಲ್ಲಿ ಈ ಮಾತು ಕೇಳಿದ ನೆನಪು ನನಗಿಲ್ಲ, ನಾನೋ ಅವನ ಪಕ್ಕದ ಮನೆಯಲ್ಲೇ ಹುಟ್ಟಿ ಬೆಳೆದವನು. ಅಕ್ಕಿ ಗಿರಣಿಯಲ್ಲಿ ಚೀಲ ತೂಗಿಸುವ ಕೆಲಸ ಅವನದು. ಕಣ್ಣು ಚೆನ್ನಾಗಿಯೇ ಇದ್ದರೂ ಮೂಗಿನ ಮೇಲೊಂದು ಚಾಳೀಸು, ಬಗಲಲ್ಲೊಂದು ಮಡಿಚಿದ ಪೇಪರು. ಅದು ಯಾವ ತಿಂಗಳಿನ ಪೇಪರು ಎಂದು ಕೇಳುವ ಧೈರ್ಯ ಗಿರಣಿಯ ಹಮಾಲರಿಗೆ ಇರಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಅವನು ಬೀಗರ ಮನೆಗೆ ಹೋದ ಹಾಗೆ ಮೇಲಿಂದ ಮೇಲೆ ಹೋಗಿ ಬಂದಿದ್ದ. ಪಾಸಾದ ಸುದ್ದಿ ಮಾತ್ರ ಊರಿಗೆ ಬರಲಿಲ್ಲ.

ಇಂಥವನಿಗೆ ಹಿರೇಕೆರೂರಿನಿಂದ ಬಂದ ಹೆಂಡತಿ ಸರೋಜವ್ವ, ಒಂದೇ ಏಟಿಗೆ ಮುಲ್ಕಿ ಪಾಸಾದವಳು. ಮದುವೆಯ ಮಾತುಕತೆಯಲ್ಲಿ ಹಿರಿಯರು ಈ ವಿಷಯವನ್ನು ಎತ್ತಲಿಲ್ಲ. ಎತ್ತಿದ್ದರೂ ಅವನು ಬೇಡ ಎನ್ನುತ್ತಿರಲಿಲ್ಲ. ಸರೋಜವ್ವ ನಕ್ಕಾಗ ನೋಡಿದವರಿಗೆ ಅದು ಯಾಕೆಂದು ಗೊತ್ತು.

ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು ಅದು. ನಮ್ಮೂರಿನ ಮೇಲೆ ಹಾಯುವ ಬಸ್ಸಿನ ಕಂಡಕ್ಟರ ನಬೀಸಾಬನಿಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಹುಬ್ಬಳ್ಳಿಗೆ ಹೋದಾಗೊಮ್ಮೆ ಒಂದು ತರುವುದು, ತಾನು ಓದುವುದು, ಆಮೇಲೆ ಹಾನಗಲ್ಲ, ಶಿಗ್ಗಾಂವಿ, ಸವಣೂರು ಅಂತ ಗುರುತಿನವರಿದ್ದ ಊರಿಗೆಲ್ಲ ಸರತಿಯ ಮೇಲೆ ತಿರುಗಿಸುವುದು. ಮೊಸರಿನ ಗಡಿಗೆ, ಔಷಧದ ಬಾಟಲಿ, ಕೊಲೆ ಮೂರೂ ಅವನ ಬಸ್ಸಿನಲ್ಲಿ ಒಂದೇ ಬುಟ್ಟಿಯಲ್ಲಿ ಪ್ರಯಾಣ ಮಾಡುತ್ತಿದ್ದವು. ಹಾಗೆ ಆ ಸಲ ಸರೋಜವ್ವನ ಕೈಗೆ ಬಂದದ್ದು 'ವಾಡೆಯೊಳಗಿನ ಹೆಣ'.

ಸರೋಜವ್ವ ಆಗ ಬಸುರಿ, ಸೀಮಂತದ ಹಾಗೆ ಉಡಿ ತುಂಬುವ ಕುಬಸದ ದಿನ ಗೊತ್ತಾಗಿತ್ತು. ಪುಸ್ತಕ ಹಿಡಿದವಳು ಕೆಳಗಿಡಲಿಲ್ಲ. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಅತ್ತೆ ತಿಪ್ಪವ್ವನಿಗೆ ಕಥೆ ಹೇಳುವುದು, ಅತ್ತೆ, "ಹೆಣದ ಕಥಿ ಒಲಿ ಮುಂದ ಬ್ಯಾಡ ನಮ್ಮವ್ವ" ಎಂದು ಬೈಯುವುದು, ಬೈದು ಮುಗಿಯುವುದರೊಳಗೆ, "ಆಮ್ಯಾಲೆ?" ಎನ್ನುವುದು. ಕಥೆಯೂ ಹಾಗೇ ಇತ್ತು. ವಾಡೆಯೆಂಬ ದೊಡ್ಡಮನೆಯಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ದೇಸಾಯಿ ಸತ್ತು ಬಿದ್ದಿದ್ದಾನೆ. ಕುದುರೆ ಹತ್ತಿ ಹೊಲ ನೋಡಿಬರುವ ಹಿರೇಸೊಸೆ ಗಂಗಾಬಾಯಿ, ತಾನೇ ಜೀಪು ಹೊಡೆದುಕೊಂಡು ಬರುವ ಡಾಕ್ಟರಬಾಯಿ, ಎಲ್ಲ ಗೊತ್ತಿದ್ದೂ ತುಟಿ ಬಿಚ್ಚದ ಅಡಿಗೆಯ ಕೃಷ್ಣಾಬಾಯಿ, ಈ ಮೂವರು ಸೇರಿ ಇಡೀ ವಾಡೆಯನ್ನು ಬೆರಳ ತುದಿಯಲ್ಲಿ ಕುಣಿಸುತ್ತಾರೆ.

"ಡಾಕ್ಟರಬಾಯಿ ಹೆಣಾ ನೋಡಿ ಅಳಲಿಲ್ಲರಿ ಅತ್ತಿ. ಉಗುರು ನೋಡಿದ್ಲು!" ಎಂದು ಸರೋಜವ್ವ ಹಿಟ್ಟಿನ ಕೈಯನ್ನೇ ಎತ್ತಿ ಹೇಳುತ್ತಿದ್ದಳು. "ಗಂಗಾಬಾಯಿ ಅಂತೂ ಗೋಡಿ ಜಿಗಿದು ಬಂದ್ಲು. ಸೀರಿ ಉಟಗೊಂಡು!"

ಊಟಕ್ಕೆ ಕುಳಿತ ಗುದ್ಲೆಪ್ಪನಿಗೆ ಇದು ಸೇರಲಿಲ್ಲ. "ಅದರಾಗ ಗಂಡಸರು ಯಾರೂ ಇಲ್ಲೇನು?"

"ಅದಾರಲ್ರಿ. ಒಬ್ಬ ಸತ್ತಾನ. ಇನ್ನೊಬ್ಬ ಫೌಜದಾರ, ಚಾ ಕುಡಿಯಾಕತ್ತಾನ."

ಹೆಂಡತಿ ಕಾದಂಬರಿ ಓದುತ್ತಾಳೆಂಬ ಸುದ್ದಿ ಗಿರಣಿಗೆ ಮುಟ್ಟಿದಾಗ ಗುದ್ಲೆಪ್ಪ ತನ್ನ ಮರ್ಯಾದೆ ಕಾಯ್ದುಕೊಳ್ಳಬೇಕಾಯಿತು. "ಆಕಿ ಈಗ ಓದಾಕತ್ತಾಳ, ನಾ ಎಂದೋ ಓದಿ ಮುಗಿಸೇನಿ" ಅಂದುಬಿಟ್ಟ. ಅದೇ ಹೊತ್ತಿಗೆ ಗಿರಣಿಯ ಮುಂದೆ ಬಸ್ಸು ನಿಂತು, ನಬೀಸಾಬ ಕಿಟಕಿಯಿಂದ ತಲೆ ಹಾಕಿ, "ಪುಸ್ತಕ ಮುಗೀತೇನ್ರಿ ಗುದ್ಲೆಪ್ಪನವರ? ಹಾನಗಲ್ಲದವರು ಕಾಯಾಕತ್ತಾರ" ಎಂದು ಕೂಗಿದ. ಹಮಾಲರೆಲ್ಲ ನೋಡುತ್ತಿದ್ದರು. ಗುದ್ಲೆಪ್ಪ ಮನೆಗೆ ಓಡಿದ, ಹೆಂಡತಿ ಬಾವಿಗೆ ಹೋಗಿದ್ದಳು, ಪುಸ್ತಕ ಕಾಳಿನ ಗುಮ್ಮಿಯ ಮೇಲಿತ್ತು. ತಂದು ಕೊಟ್ಟೇಬಿಟ್ಟ. ಸರೋಜವ್ವನಿಗೆ ಇನ್ನು ಒಂದೇ ಅಧ್ಯಾಯ ಉಳಿದಿದ್ದದ್ದು ಅವನಿಗೆ ಗೊತ್ತಿರಲಿಲ್ಲ. ಆ ಒಂದೇ ಅಧ್ಯಾಯದಲ್ಲಿ ಕೊಲೆಗಾರ ಕುಳಿತಿದ್ದ.

"ಪುಸ್ತಕ ಎಲ್ರಿ?" ಸರೋಜವ್ವ ತುಂಬಿದ ಕೊಡ ಇಳಿಸದೆ ಕೇಳಿದಳು.

"ನಬೀಸಾಬಗ ಕೊಟ್ಟೆ. ಅದರಾಗೇನೈತಿ? ನಾ ಪೂರಾ ಓದೇನಿ. ಏನು ಬೇಕು ಕೇಳು, ಹೇಳ್ತೇನಿ."

"ಯಾರು ಕೊಂದ್ರು?"

"ಯಾರು ಅಂದ್ರ… ಅಡಿಗೀಯಾಕಿ."

"ಆ ಹೊತ್ತಿನ್ಯಾಗ ಆಕೀನ್ನ ನೆಲದಾಗಿನ ಕಾಳಿನ ಹಗೇವಿನ್ಯಾಗ ಇಳಿಸಿ ಬಾಯಿಗೆ ಕಲ್ಲು ಮುಚ್ಚಿದ್ರಲ್ಲ?"

"ಹಾಂ, ಹಂಗಾರ ಫೌಜದಾರ."

"ಅಂವ ಆವತ್ತ ಊರಾಗ ಇರಲಿಲ್ಲ."

"ಕಳ್ಳ! ಹೊರಗಿನ ಕಳ್ಳ. ಹಂಚು ತಗದು ಇಳದಾನ."

"ವಾಡೇಕ್ಕ ಹಂಚಿಲ್ರಿ. ಮಣ್ಣಿನ ಮಾಳಿಗಿ."

ಗುದ್ಲೆಪ್ಪ ಮಾಳಿಗೆಯ ಕಡೆ ನೋಡಿದ, ನೆಲದ ಕಡೆ ನೋಡಿದ, ಗಿರಣಿಯಲ್ಲಿ ಏನೋ ಕೆಲಸ ನೆನಪಾಯಿತು ಅಂತ ಹೊರಟುಹೋದ.

ಆವತ್ತಿನಿಂದ ಸರೋಜವ್ವನಿಗೆ ತುತ್ತು ಇಳಿಯಲಿಲ್ಲ. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಎಲ್ಲೋ ನೋಡುತ್ತ ಕುಳಿತುಬಿಡುವಳು. ತಿಪ್ಪವ್ವ ಬೆಣ್ಣೆ ಹಚ್ಚಿ ಕೊಟ್ಟಳು, ಬೆಲ್ಲ ಇಟ್ಟಳು, ಕೊನೆಗೆ ಗಾಬರಿಯಾಗಿ ಎದುರುಮನೆಯ ದುರಗವ್ವನನ್ನು ಕರೆದಳು. ಊರಿನ ಅರ್ಧ ಮಕ್ಕಳು ಈ ಲೋಕದಲ್ಲಿ ಮೊದಲು ನೋಡಿದ ಮುಖ ದುರಗವ್ವನದು. ಬಸುರಿ ಬಾಣಂತಿಯರ ವಿಷಯದಲ್ಲಿ ಅವಳ ಮಾತಿಗೆ ಅಪೀಲು ಇರಲಿಲ್ಲ.

"ಏನು ಬೇಕನಸ್ತೈತಿ ಮಗಳ? ಹುಣಸಿಕಾಯಿ? ಮಾವಿನಕಾಯಿ? ಒಲಿ ಮಣ್ಣು?"

"ದೇಸಾಯೀನ್ನ ಯಾರು ಕೊಂದ್ರು ಅನ್ನೂದು ಬೇಕನಸ್ತೈತಿ" ಅಂದಳು ಸರೋಜವ್ವ.

ದುರಗವ್ವ ಅವಳ ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ಕೈ ಬಿಟ್ಟಳು. "ತಿಪ್ಪಕ್ಕಾ, ಇದು ಬಯಕಿ."

"ಬಯಕಿ ಅಂದ್ರ ತಿನ್ನೂದು ಇರ್ತೈತೆಲ್ಲ!"

"ಬಸರಿ ಜೀವ ಏನು ಬೇಡತೈತೊ ಅದು ಬಯಕಿ. ಒಬ್ಬಾಕಿ ಹಲಸಿನಹಣ್ಣು ಬೇಡತಾಳ, ಒಬ್ಬಾಕಿ ಕೊಲೆಗಾರನ್ನ ಬೇಡತಾಳ. ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ, ನೆನಪಿರಲಿ. ಕೆರಿ ದಂಡಿ ಚಂದ್ರಪ್ಪನ ಕಿವಿ ನೋಡೀಯಲ್ಲ? ಅವರವ್ವ ಹಲಸಿನಹಣ್ಣು ಬೇಡಿದ್ಲು, ಅವರಪ್ಪ ನಾಳೆ ನಾಳೆ ಅಂದ. ಇವತ್ತಿಗೂ ಅಂವ ಕಿವ್ಯಾಗ ಅರಳಿ ಇಟಗೊಂಡ ಅಡ್ಡಾಡ್ತಾನ."

ತಿಪ್ಪವ್ವ ಎದೆಗೆ ಕೈ ಒತ್ತಿಕೊಂಡಳು. ಗಿರಣಿಗೆ ಆಳು ಹೋಯಿತು. ಗುದ್ಲೆಪ್ಪ ಬರುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ನೆರೆದಿದ್ದರು, ಅವನ ಹಿಂದೆ ಏನೋ ಆಗಿದೆಯೆಂದು ಹಮಾಲರೂ ಬಂದರು. ವಿಷಯ ತಿಳಿದು ಅವನು ಚಾಳೀಸು ಸರಿಮಾಡಿಕೊಂಡ.

"ಇಷ್ಟಕ್ಕ ಇಷ್ಟ್ಯಾಕ? ನಾ ಓದೇನಲ್ಲ. ಇನ್ನೊಮ್ಮೆ ನೆನಪು ಮಾಡಿಕೊಂಡು ಹೇಳ್ತೇನಿ."

"ನೀ ಓದೀ? ಪೂರಾ?" ದುರಗವ್ವ ಕೇಳಿದಳು.

"ಪೂರಾ!"

"ಮುಗೀತು ಬಿಡು." ದುರಗವ್ವ ಹಣೆ ಬಡಿದುಕೊಂಡಳು. "ಬಯಕಿ ಪದಾರ್ಥ ಬಸರಿ ಬಾಯಿಗೆ ಬೀಳೂದಕ್ಕ ಮೊದಲ ಗಂಡ ಮುಕ್ಕಿ ಕುಂತಾನ. ಎಂಜಲಾತು ತಿಪ್ಪಕ್ಕಾ. ಇನ್ನು ತಂದು ಕೊಟ್ಟರೂ ಅಷ್ಟ, ಬಿಟ್ಟರೂ ಅಷ್ಟ."

ತಿಪ್ಪವ್ವ ಓಣಿ ಹಾರಿಹೋಗುವ ಹಾಗೆ ಅತ್ತಳು. "ಲೇ ಗುದ್ಲ್ಯಾ! ನನ್ನ ಮೊಮ್ಮಗನ ಕಿವಿ ತಿಂದ್ಯಲ್ಲೋ! ಹೆಂಡತಿ ಬಿಟ್ಟು ಓದಬೇಕಂತ ಯಾಕ ಅನಿಸಿತೋ ನಿನಗ?"

ಗುದ್ಲೆಪ್ಪನ ಮುಂದೆ ಈಗ ಎರಡೇ ದಾರಿ. ಒಂದು ಕಡೆ ಹುಟ್ಟಲಿರುವ ಮಗನ ಕಿವಿ, ಇನ್ನೊಂದು ಕಡೆ ಇಷ್ಟು ವರ್ಷ ಬೆವರು ಸುರಿಸಿ ಕಟ್ಟಿದ ವಿದ್ವತ್ತು. ಹಮಾಲರ ಕಡೆ ಒಮ್ಮೆ ನೋಡಿದ. ಒಳಗೆ ಕಂಬಕ್ಕೆ ಒರಗಿ ಕುಳಿತ ಸರೋಜವ್ವನ ಕಡೆ ಒಮ್ಮೆ ನೋಡಿದ. ಅವಳ ಮುಖ ಸಣ್ಣದಾಗಿತ್ತು. ಅವನು ಚಾಳೀಸು ತೆಗೆದು ಅಂಗಿಯ ಕಿಸೆಗೆ ಹಾಕಿದ.

"ಓದಿಲ್ಲ."

"ಏನಂದಿ?"

"ಓದಿಲ್ಲ ಅಂದೆ!"

"ಎಷ್ಟು ಓದಿಲ್ಲ? ಒಂದೆರಡು ಹಾಳಿ ಆದ್ರೂ ನೋಡಿರಬೇಕು."

"ಮ್ಯಾಲಿನ ಹೆಸರಷ್ಟ ಓದೇನಿ. ಅದನ್ನೂ ನಬೀಸಾಬ ಹೇಳಿದಾ."

ತಿಪ್ಪವ್ವ ಎದ್ದು ಬಂದು ಮಗನ ಕೆನ್ನೆ ಸವರಿ ಲಟಲಟ ನೆಟಿಗೆ ಮುರಿದಳು. "ನನ್ನ ಬಂಗಾರ! ಓದಿಲ್ಲ! ನನ್ನ ಮಗ ಒಂದಕ್ಷರ ಓದಿಲ್ಲ!" ಎಂದು ಓಣಿಯ ಈ ತುದಿಯಿಂದ ಆ ತುದಿಗೆ ಕೇಳುವ ಹಾಗೆ ಹರ್ಷಪಟ್ಟಳು. ಹೆಂಗಸರೆಲ್ಲ, "ಓದಿಲ್ಲಂತ, ಓದಿಲ್ಲಂತ" ಎಂದು ಒಬ್ಬರಿಗೊಬ್ಬರು ಹೇಳಿ ನಿಟ್ಟುಸಿರು ಬಿಟ್ಟರು. ಹಮಾಲರು ಮಾತ್ರ ಗಿರಣಿಯ ದಾರಿ ಹಿಡಿದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ.

ದುರಗವ್ವ ಅಪ್ಪಣೆ ಕೊಟ್ಟಳು. ನಾಳೆ ಸಂಜೆ ಕುಬಸ, ನಾಡಿದ್ದು ಬೆಳಿಗ್ಗೆ ಸರೋಜವ್ವನ ಅಣ್ಣ ಬಂದು ತವರಿಗೆ ಕರೆದೊಯ್ಯುವವನು. ಗಂಡನ ಮನೆಯ ಬಯಕೆ ಗಂಡನ ಮನೆಯಲ್ಲೇ ತೀರಬೇಕು. ಆದ್ದರಿಂದ ನಾಳೆ ದೀಪ ಹಚ್ಚುವುದರೊಳಗೆ ಪುಸ್ತಕ ಬರಬೇಕು. "ದಾರ್ಯಾಗ ಬಿಚ್ಚಿ ನೋಡಬ್ಯಾಡ. ಯಾರರ ಹೇಳಾಕ ಬಂದ್ರ ಕೇಳಬ್ಯಾಡ. ಕಿವ್ಯಾಗ ಬಿದ್ದರೂ ಎಂಜಲನ."

"ನನಗೂ ಯಾರೂ ಹೇಳಬಾರದು" ಎಂದು ಒಳಗಿನಿಂದ ಸರೋಜವ್ವ ಅಂದಳು. "ನಾನ ಓದಬೇಕು."

ಮರುದಿನ ಮೊದಲ ಬಸ್ಸಿಗೇ ಗುದ್ಲೆಪ್ಪ ಹತ್ತಿದ. ನಬೀಸಾಬ ಎಲ್ಲ ಕೇಳಿ ನಕ್ಕ.

"ಇದಕ್ಕ ಊರೂರು ಅಲೀತೀರೇನ್ರಿ? ನಾ ಓದೇನಿ, ಇಲ್ಲೇ ಹೇಳಿಬಿಡ್ತೇನಿ. ದೇಸಾಯೀನ್ನ ಕೊಂದಾವರು…"

ಗುದ್ಲೆಪ್ಪ ಎರಡೂ ಕಿವಿಗೆ ಬೆರಳು ಹೆಟ್ಟಿ, "ಓಂ ನಮಃ ಶಿವಾಯ!" ಎಂದು ಅರಚಿದ. ಹಿಂದಿನ ಸೀಟಿನ ಮುದುಕ ಇವನೂ ಯಾತ್ರೆಗೆ ಹೊರಟವನೆಂದು ತಿಳಿದು ಕೈಮುಗಿದ.

ಹಾನಗಲ್ಲದಲ್ಲಿ ಪುಸ್ತಕ ಇರಬೇಕಾದದ್ದು ಮಹಾಲಿಂಗಪ್ಪನೆಂಬ ಕಾರಕೂನನ ಹತ್ತಿರ. ಯಾವ ಕಚೇರಿಯ ಕಾರಕೂನ ಎಂದು ಕೇಳಬೇಡಿ, ಆತನಿಗೆ ಮಕ್ಕಳು ಮರಿ ಇದ್ದಾರೆ. ಅವನು ಒಂದೇ ಉಸಿರಿಗೆ ಓದಿ ಮುಗಿಸಿ ಪುಸ್ತಕವನ್ನು ಸವಣೂರಿನ ಸಾಲೆಯ ಗೌಹರಬಾಯಿಯವರಿಗೆ ಕಳಿಸಿಬಿಟ್ಟಿದ್ದ. ಆದರೆ ಕೊನೆ ಗೊತ್ತಾದ ಮೇಲೆ ಅದನ್ನು ಹಂಚಿಕೊಳ್ಳಲು ಒಬ್ಬ ಓದುಗನೂ ಸಿಕ್ಕದೆ ಹೊಟ್ಟೆ ಉಬ್ಬಿ ಕುಳಿತಿದ್ದ.

"ಬರ್ರಿ, ಬರ್ರಿ! ಕುಂದ್ರಿ! ಆ ಕಡೀ ಅಧ್ಯಾಯ ಏನ್ರಿ ಅದು! ನಾನೂ ಗಂಗಾಬಾಯಿ ಮ್ಯಾಲ ಸಂಶೇ ತಗೊಂಡಿದ್ದೆ, ನೋಡಿದ್ರ…"

"ಹೇಳಬ್ಯಾಡ್ರಿ!" ಗುದ್ಲೆಪ್ಪ ಕಿವಿ ಮುಚ್ಚಿಕೊಂಡು ಮೇಜಿನ ಆ ಕಡೆ ಹೋದ.

"ಅಲ್ರಿ, ಆ ಚಿಲಕಾ ಒಳಗಿಂದ ಹ್ಯಾಂಗ ಬಿತ್ತು ಅಂತ…" ಮಹಾಲಿಂಗಪ್ಪ ಮೇಜು ಸುತ್ತಿ ಬಂದ. ಗುದ್ಲೆಪ್ಪ ಈ ಕಡೆ ಓಡಿದ. ಇಬ್ಬರೂ ಮೇಜನ್ನು ಪ್ರದಕ್ಷಿಣೆ ಹಾಕುತ್ತಿರುವಾಗ ಒಳಗಿನಿಂದ ಸಾಹೇಬರು ಬಂದರು.

"ಏನ್ರಿ ಇದು? ಯಾರಿವರು?"

"ಕಿವಿ… ಕಿವಿ ಬ್ಯಾನಿ ಸಾಹೇಬರ" ಅಂದ ಮಹಾಲಿಂಗಪ್ಪ, ಬೇರೆ ಏನೂ ಹೊಳೆಯದೆ.

"ಅಂದ್ರ ನೀವ್ಯಾಕ ಅವರ ಬೆನ್ನ ಹತ್ತೀರಿ?"

ಈ ಪ್ರಶ್ನೆಗೆ ಮಹಾಲಿಂಗಪ್ಪ ಏನು ಉತ್ತರ ಕೊಟ್ಟನೋ ತಿಳಿಯದು, ಗುದ್ಲೆಪ್ಪ ಆಗಲೇ ಬಸ್ ಸ್ಟ್ಯಾಂಡಿನಲ್ಲಿದ್ದ.

ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಬೇಕು. ಅಲ್ಲಿ ಖಾದರಸಾಬನ ಚಹಾದ ಅಂಗಡಿ ಇದೆ, ನಬೀಸಾಬನ ಪುಸ್ತಕಗಳು ಒಂದು ದಿನ ತಂಗುವ ಜಾಗವೂ ಅದೇ. ಅಂದಮೇಲೆ ಅಲ್ಲಿನ ಪ್ರತಿಯೊಂದು ಬೆಂಚಿಗೂ ಕೊಲೆಗಾರನ ಹೆಸರು ಗೊತ್ತಿರಬಹುದು. ಗುದ್ಲೆಪ್ಪ ಬೆರಳನ್ನು ಕಿವಿಯಿಂದ ತೆಗೆಯಲೇ ಇಲ್ಲ. ಚಹಾದ ಬಟ್ಟಲು ಮುಂದೆ ಬಂತು, ಕುಡಿಯಲು ಕೈಯಿಲ್ಲ. ತುಟಿ ಚಾಚಿ ಬಗ್ಗಿದ.

ಖಾದರಸಾಬ ನೋಡಿ ಹತ್ತಿರ ಬಂದ. "ಅಯ್ಯ ಪಾಪ, ಕಿವಿ ಭಾಳ ನೋಯಸ್ತಾವೇನ್ರಿ?" ಎಂದವನೇ ಬಳ್ಳೊಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಯಿಸಿ, ಅದರಲ್ಲಿ ಅರಳೆ ಅದ್ದಿ, ಬೇಡವೆಂದರೂ ಕೇಳದೆ ಎರಡೂ ಕಿವಿಗೆ ತುರುಕಿದ. ಚಹಾ ಕುಡಿಯುತ್ತಿದ್ದವರು ಸುತ್ತ ನಿಂತರು. ಒಬ್ಬ ಹಿರಿಯ ರೈತ ಹತ್ತಿರ ಬಂದು, ಕಿವಿಯಲ್ಲಿ ಇಣುಕಿ, ದೊಡ್ಡ ದನಿಯಲ್ಲಿ ಕೇಳಿದ.

"ತಮ್ಮಾ, ನಿಮ್ಮಪ್ಪ ನಿಮ್ಮವ್ವನ ಬಯಕಿ ತೀರಸಲಿಲ್ಲೇನೋ?"

ಗುದ್ಲೆಪ್ಪ ತಲೆಯಾಡಿಸಿದ. ಅರಳೆಯಿಂದಾಗಿ ಅವನಿಗೆ ಏನೂ ಕೇಳಿಸಿರಲಿಲ್ಲ, ಕೇಳಿಸದಿದ್ದದ್ದಕ್ಕೆ ಅವನಿಗೆ ಬಹಳ ಸಂತೋಷವಾಗಿತ್ತು.

ಸವಣೂರಿನಲ್ಲಿ ಗೌಹರಬಾಯಿ ತಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದರು. ಕನ್ನಡ ಸಾಲೆಯಲ್ಲಿ ಕಲಿಸುವವರು, ಊರಿನ ದೊಡ್ಡ ದೊಡ್ಡ ಗಂಡಸರೂ ಅವರನ್ನು ಕಂಡರೆ ಬೀಡಿ ಕೆಳಗೆ ಬಿಡುತ್ತಿದ್ದರು. ಗುದ್ಲೆಪ್ಪ ಕಿವಿಯ ಅರಳೆ ತೆಗೆದು ಎಲ್ಲ ಹೇಳಿದ. ಅವರು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಕಡೀ ಅಧ್ಯಾಯ ಈಗ ಸುರು ಆಗೇತಿ. ಒಂದು ತಾಸು ಕುಂದ್ರಿ. ಈ ಹೊತ್ತಿನ್ಯಾಗ ಸಾಲಿ ತಪಾಸಣಿ ಮಾಡೂ ಡಿಪ್ಟಿ ಸಾಹೇಬ ಖುದ್ದು ಬಂದ್ರೂ ನಾ ಏಳೂದಿಲ್ಲ."

"ಬಾಯಾರ, ಬಸ್ಸು ತಪ್ಪತೈತಿ. ನನ್ನ ಹೇಣ್ತಿ ಬಸರಿ. ಆಕಿ ಬಯಕಿ ಇದು. ಉಣವಲ್ಲಳ್ರಿ" ಅಂದ ಗುದ್ಲೆಪ್ಪ. "ತಪ್ಪು ನಂದು. ನಾ ಓದೇನಿ ಅಂತ ಸುಳ್ಳು ಹೇಳಿ ಆಕೀ ಕೈಯಾಗಿಂದು ಕಸಗೊಂಡು ಕೊಟ್ಟೆ."

ಗೌಹರಬಾಯಿ ಈಗ ತಲೆ ಎತ್ತಿದರು. ಅವನನ್ನೂ ಪುಟವನ್ನೂ ಒಂದೊಂದು ಸಲ ನೋಡಿದರು. ನಿಧಾನವಾಗಿ ಪುಸ್ತಕ ಮುಚ್ಚಿದರು. ಐದು ಹೆತ್ತವರು ಅವರು.

"ಬಸರಿ ಮುಂದ ನಂದೇನು ಬೇಟಾ. ಆದ್ರ ಪುಸ್ತಕ ನಿನ್ನ ಕೈಯಾಗ ಕೊಡೂದಿಲ್ಲ. ಸುಳ್ಳು ಹೇಳಾವ ನೀ, ದಾರ್ಯಾಗ ಓದೀಗೀದಿ. ನಾನೂ ಬರ್ತೇನಿ. ಆಕಿ ಓದಿದ್ದಾದ ಕೂಡಲೆ ನಾ ಓದತೇನಿ."

ಹೀಗೆ ಅವರು ಬುರ್ಖಾ ಹಾಕಿಕೊಂಡು, ಕುಬಸಕ್ಕೆಂದು ಒಂದು ಪೆಂಡಿ ಸವಣೂರಿನ ವೀಳ್ಯದೆಲೆ ಕಟ್ಟಿಸಿಕೊಂಡು, ಕೈವಸ್ತ್ರದಲ್ಲಿ ಸುತ್ತಿದ ಪುಸ್ತಕವನ್ನು ಮಡಿಲಲ್ಲಿಟ್ಟು ಬಸ್ಸು ಹತ್ತಿದರು. ಇಡೀ ದಾರಿಯಲ್ಲಿ ಒಮ್ಮೆಯೂ ಗಂಟು ಬಿಚ್ಚಲಿಲ್ಲ. ಮೇಲಿನಿಂದ ಮಾತ್ರ ಆಗಾಗ ಸವರುತ್ತಿದ್ದರು. ಅಷ್ಟು ಕಠಿಣವಾದ ತಪಸ್ಸನ್ನು ನಮ್ಮ ಭಾಗದ ಬಸ್ಸಿನಲ್ಲಿ ಯಾರೂ ಮಾಡಿರಲಿಕ್ಕಿಲ್ಲ.

ಅವರು ಬಂದಾಗ ಹೊತ್ತು ಇಳಿದಿತ್ತು. ಸರೋಜವ್ವ ಹಸಿರು ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕುಳಿತಿದ್ದಳು. ಹೆಂಗಸರು ಹಾಡುತ್ತಿದ್ದರು, ಅವಳ ಕಣ್ಣು ಬಾಗಿಲಲ್ಲಿತ್ತು. ಗೌಹರಬಾಯಿ ನೇರವಾಗಿ ಒಳಗೆ ನಡೆದು, ಅಕ್ಕಿ ಕೊಬ್ಬರಿ ತುಂಬಿದ ಅವಳ ಉಡಿಯೊಳಗೆ ಎಲೆಯ ಪೆಂಡಿ ಇಟ್ಟು, ಅದರ ಮೇಲೆ 'ವಾಡೆಯೊಳಗಿನ ಹೆಣ'ವನ್ನು ಇಟ್ಟರು.

"ಅಯ್ಯ ಶಿವನ! ಉಡಿಯೊಳಗ ಹೆಣಾನ?" ತಿಪ್ಪವ್ವ ಚೀರಿದಳು.

"ಸುಮ್ಮನಿರು ತಿಪ್ಪಕ್ಕಾ" ಎಂದು ದುರಗವ್ವ ಅರಿಷಿಣ ಕುಂಕುಮದ ಬಟ್ಟಲು ತಂದು, ಹೆಣ ಎಂಬ ಅಕ್ಷರದ ಮೇಲೆ ಕಾಣದ ಹಾಗೆ ದಪ್ಪಗೆ ಬಳಿದಳು. "ಈಗ ಬರೇ ವಾಡೆ ಉಳೀತು. ಓದು ಮಗಳ."

ಹಾಡು ನಿಂತಿತು. ಸರೋಜವ್ವ ಮನಸ್ಸಿನಲ್ಲೇ ಓದತೊಡಗಿದಳು. ಒಂದು ಪುಟ ಮುಗಿದ ಕೂಡಲೇ ಪುಸ್ತಕವನ್ನು ಗೌಹರಬಾಯಿಯ ಕಡೆ ಓರೆ ಮಾಡುವಳು, ಅವರು ಓದಿ ಹೂಂ ಅಂದಮೇಲೆ ಮುಂದಿನ ಪುಟ. ಇಷ್ಟೊಂದು ಹೆಂಗಸರು ಒಂದೆಡೆ ಸೇರಿ ಇಷ್ಟು ಹೊತ್ತು ಸುಮ್ಮನೆ ಕುಳಿತದ್ದನ್ನು ನಾನು ಬಾಗಿಲ ಹೊರಗೆ ನಿಂತು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಸರೋಜವ್ವನ ಹುಬ್ಬು ಏರಿತು. ಒಮ್ಮೆ ಗೌಹರಬಾಯಿ, "ಯಾ ಅಲ್ಲಾ" ಅಂದರು. ಕೊನೆಯ ಪುಟ ತಿರುವಿದ್ದೇ ಸರೋಜವ್ವ ತೊಡೆ ತಟ್ಟಿ ಕೂಗಿದಳು. "ನಾ ಅನಕೊಂಡಂಗನ ಆತು! ನಾ ಮೊದಲ ಅಂದಿದ್ದೆ!"

ಅವಳು ನಕ್ಕ ನಗೆಗೆ ಬಳೆಗಳೆಲ್ಲ ಸದ್ದು ಮಾಡಿದವು. ಗೌಹರಬಾಯಿ ಅವಳನ್ನು ಅಪ್ಪಿಕೊಂಡರು.

"ಯಾರು? ಯಾರು?" ಎಂದು ಮನೆಯೇ ಕೇಳಿತು.

"ಹಸಿವಾಗೇತ್ರಿ ಅತ್ತಿ" ಅಂದಳು ಸರೋಜವ್ವ.

ತಿಪ್ಪವ್ವನ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ಹೋಳಿಗೆ ತಂದಳು, ತುಪ್ಪ ಸುರಿದಳು. ಸೊಸೆ ಒಂದು ತಿಂದಳು, ಇನ್ನೊಂದು ತಿಂದಳು, ಮತ್ತೊಂದಕ್ಕೆ ಕೈಚಾಚಿದಳು. ಗುದ್ಲೆಪ್ಪ ಬಾಗಿಲಲ್ಲಿ ನಿಂತು ಅವಳು ತಿನ್ನುವುದನ್ನೇ ನೋಡುತ್ತಿದ್ದ. ತಾನೂ ಬೆಳಗಿನಿಂದ ಏನೂ ತಿಂದಿಲ್ಲ ಅನ್ನುವುದು ಅವನಿಗೆ ನೆನಪೇ ಇರಲಿಲ್ಲ.

"ಹೊಟ್ಟಿ ತುಂಬಿತಲ್ಲ, ಈಗ ಹೇಳು" ಎಂದು ದುರಗವ್ವ ಹತ್ತಿರ ಸರಿದಳು.

"ಹೇಳೂದಿಲ್ಲ. ಹೇಳಿದ್ರ ರುಚಿ ಹೋಗತೈತಿ. ಮೊದಲಿನಿಂದ ಕೇಳ್ರಿ. ಇವರು ಓದತಾರ." ಸರೋಜವ್ವ ಪುಸ್ತಕವನ್ನು ಗಂಡನ ಕಡೆ ಚಾಚಿದಳು.

ಓಣಿಯೆಲ್ಲ ತನ್ನನ್ನು ನೋಡುತ್ತಿರುವಾಗ ಗುದ್ಲೆಪ್ಪ ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತು ಮೊದಲನೆಯ ಪುಟ ತೆರೆದ. ಮೊದಲ ಸಾಲಿನಲ್ಲೇ ತೊದಲಿದ. ಎರಡನೆಯ ಪುಟಕ್ಕೆ ಹಾದಿ ಸಿಕ್ಕಿತು. ದೇಸಾಯಿ ಸತ್ತ, ಜೀಪು ಬಂತು, ಓದುವವನ ದನಿ ಏರಿತು, ಯಾರೂ ಮನೆಗೆ ಹೋಗುವ ಮಾತೇ ಆಡಲಿಲ್ಲ. ಆದರೆ ಕೇಳುವವರು ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಕಥೆಯಲ್ಲಿ ಒಬ್ಬೊಬ್ಬರು ಹೊಸಬರು ಬಂದ ಹಾಗೂ ಎಲ್ಲರ ಕಣ್ಣೂ ಸರೋಜವ್ವನ ಮುಖದ ಮೇಲೆ. ಇವನಿರಬಹುದೆ, ಇವಳಿರಬಹುದೆ ಎಂದು ಅವಳ ಹುಬ್ಬಿನಲ್ಲಿ, ತುಟಿಯಲ್ಲಿ ಹುಡುಕಾಟ. ಸರೋಜವ್ವ ತಡೆಯಲಾರದೆ ಸೆರಗನ್ನು ಮುಖದ ತುಂಬ ಎಳೆದುಕೊಂಡಳು. ಗೌಹರಬಾಯಿ ಬುರ್ಖಾ ಇಳಿಬಿಟ್ಟರು.

ಅಷ್ಟರಲ್ಲಿ ಕಥೆಯೊಳಗೆ ಕೃಷ್ಣಾಬಾಯಿ ಸೌಟು ಹಿಡಿದು ಬಂದಳು.

"ಸೆರಗು ತಗೀ ಸರೂ" ಎಂದು ತಿಪ್ಪವ್ವ ಗೋಗರೆದಳು. "ಈ ಅಡಿಗೀಯಾಕಿ ಮ್ಯಾಲ ನನಗ ಭಾಳ ಜೀವ ಐತಿ. ಈಕಿ ಅಲ್ಲ ಅಂತ ಅಷ್ಟ ಹೇಳವ್ವ."

ಸೆರಗಿನೊಳಗಿನಿಂದ ನಗು ಮಾತ್ರ ಬಂತು. ಗುದ್ಲೆಪ್ಪನೂ ಓದುವುದನ್ನು ನಿಲ್ಲಿಸಿ, ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡೇ, ಹೆಂಡತಿಯ ಸೆರಗಿನ ಕಡೆ ಆಸೆಯಿಂದ ನೋಡತೊಡಗಿದ.

"ಇತ್ತ ನೋಡಬ್ಯಾಡ್ರಿ" ಅಂದಳು ಸರೋಜವ್ವ ಸೆರಗಿನೊಳಗಿಂದಲೇ. "ಓದ್ರಿ."